ಕಾರ್ನರ್ ಸಿಂಧನೂರಿಗೆ, ರೈಡರ್ ಲಿಂಗಸುಗೂರಿಗೆ

ಚಹಾ ಇನ್ನೂ ಒಲೆಯ ಮೇಲೇ ಇತ್ತು. ಬಾಗಿಲಲ್ಲಿ ಖಾಜಾ ಭಾಯ್ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಚಪ್ಪಲಿ, ಅತ್ತರಿನ ಘಮ. ಯಾರ ಮದುವೆ ಎಂದು ಕೇಳಿಯೇಬಿಟ್ಟೆ.

“ಕಾಲೇಜು ನೋಡಾಕ ಹೊಂಟೀವಲ್ರಿ ಅಕ್ಕಾರ. ಹೆಂಗಬೇಕಂಗ ಹೋದ್ರ ನಡೀತದೇನ್ರಿ?” ಎಂದರು.

ನಡೆಯುವುದಿಲ್ಲ. ಒಳಗೆ ಓಡಿದೆ. ಉಡಲೆಂದು ತೆಗೆದಿಟ್ಟಿದ್ದ ಸಾದಾ ಸೀರೆಯನ್ನು ವಾಪಸ್ ಮಡಚಿಟ್ಟು, ದೊಡ್ಡ ಅಂಚಿನದನ್ನು ಉಟ್ಟು ಬಂದೆ. (ವರನ ಮನೆ ನೋಡಲು ಹೋಗುವವರೂ ಇಷ್ಟು ತಯಾರಾಗುವುದಿಲ್ಲ. ಕಾಲೇಜು ನಮ್ಮನ್ನು ಒಪ್ಪಬೇಕಲ್ಲ?)

ಇದು ಹೋದ ಮೇ ತಿಂಗಳ ಒಂದು ಶನಿವಾರದ ಮಾತು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ಮನೆ ತುಂಬ ಸಿಹಿ ಹಂಚಿಯಾಗಿತ್ತು. ಸಿಹಿ ತಿಂದವರೆಲ್ಲ ಬಾಯಿ ಒರೆಸಿಕೊಳ್ಳುತ್ತ ಒಂದೇ ಪ್ರಶ್ನೆ ಕೇಳಿ ಹೋಗಿದ್ದರು. ಮುಂದೆ ಯಾವ ಕಾಲೇಜು?

ಖಾಜಾ ಭಾಯ್ ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಗೋಡೆಗೆ ಗೋಡೆ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ಅವರ ಮಗಳು ನಸ್ರೀನ್, ನನ್ನ ಮಗಳು ಸುಜಾತಾ. ಅಂಗನವಾಡಿಯಿಂದ ಹತ್ತನೆಯ ತರಗತಿಯವರೆಗೆ ಇಬ್ಬರದೂ ಒಂದೇ ಬೆಂಚು. ಹೈಸ್ಕೂಲಿಗೆ ಬಂದ ಮೇಲೆ ಒಂದೇ ಕಬಡ್ಡಿ ಟೀಮು. ನಸ್ರೀನ್ ರೈಡರ್, ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವಳು. ಸುಜಾತಾ ಎಡಗಡೆಯ ಕಾರ್ನರ್, ನುಗ್ಗಿ ಬಂದವರ ಕಾಲು ಹಿಡಿದು ಕೆಡವುವವಳು. ಮನೆಯಲ್ಲೂ ಇದೇ ಹಾಡು. ನಸ್ರೀನ್ ಬಂದರೆ ನೇರ ಅಡುಗೆಮನೆಗೆ ನುಗ್ಗುತ್ತಾಳೆ. ನನ್ನ ಮಗಳು ಸೋಫಾದ ಮೂಲೆ ಬಿಟ್ಟು ಏಳುವುದಿಲ್ಲ.

ಕಾಲೇಜು ಎಂಥದ್ದಿರಬೇಕು ಎಂದು ಎರಡೂ ಮನೆ ಸೇರಿ ಮೊದಲೇ ಚರ್ಚೆ ಮಾಡಿದ್ದೆವು. ಓದು ಗಟ್ಟಿ ಇರಬೇಕು ಎಂದೆ ನಾನು. ಆಟಕ್ಕೆ ಬೆಲೆ ಇರಬೇಕು ಎಂದರು ಹುಡುಗಿಯರು. ಕ್ಯಾಂಪಸ್ ಚೆಂದ ಇರಬೇಕು, ಗಿಡಮರ ಇರಬೇಕು ಎಂದರು ಖಾಜಾ ಭಾಯ್. ದಿನವಿಡೀ ಗ್ರೀಸು, ನಟ್ಟು, ಬೋಲ್ಟಿನ ನಡುವೆ ಇರುವವರು, ಅವರ ಆಸೆ ತಪ್ಪೇನಲ್ಲ. ಮೂರೂ ಒಂದೇ ಕಡೆ ಸಿಗುವ ಕಾಲೇಜು ನಿಮಗೆ ಗೊತ್ತಿದ್ದರೆ ಹೇಳಿ. ನಮಗಂತೂ ಗೊತ್ತಿರಲಿಲ್ಲ. ಹಾಗಾಗಿ ಸಿಂಧನೂರು, ಮಸ್ಕಿ, ಲಿಂಗಸುಗೂರು, ಒಂದೇ ದಾರಿಯಲ್ಲಿರುವ ಮೂರು ಊರು, ಮೂರು ಕಾಲೇಜು, ಒಂದೇ ದಿನ ಎಂದು ತೀರ್ಮಾನವಾಗಿತ್ತು. ನಮ್ಮ ಮನೆಯವರು ರಾಯಚೂರಿನಲ್ಲಿ ಡ್ಯೂಟಿಯಲ್ಲಿದ್ದರು. “ಸೈನ್ಸ್ ಇರೋ ಕಡೆ ನೋಡು” ಎಂದು ಫೋನಿನಲ್ಲೇ ತಮ್ಮ ವೋಟು ಹಾಕಿದ್ದರು. ನನ್ನ ವೋಟೂ ಅದೇ.

ಮೊದಲು ಸಿಂಧನೂರಿನದು.

ಕಟ್ಟಡ ಹಳೆಯದು, ಬಣ್ಣ ಕಂಡು ಎಷ್ಟೋ ವರ್ಷವಾಗಿರಬೇಕು. ಆದರೆ ಹಿಂದೆ ಹೋದರೆ ಆಹಾ ಎನ್ನುವಂಥ ಮೈದಾನ. ಒಂದು ಮಗ್ಗುಲಲ್ಲಿ ಕೆಂಪು ಮಣ್ಣು ಜರಡಿ ಹಿಡಿದು ಹಾಕಿ ಮಾಡಿದ ಕಬಡ್ಡಿ ಅಂಕಣ. ರಜೆಯಲ್ಲೂ ಏಳೆಂಟು ಹುಡುಗಿಯರು ಆಡುತ್ತಿದ್ದರು. ಅವರಿಗೆ ಕಲಿಸುತ್ತಿದ್ದವರು ಒಬ್ಬರು ಮೇಡಂ, ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ಸೀಟಿ. ನಾವು ಯಾರು, ಯಾಕೆ ಬಂದೆವು ಎಂದು ಕೇಳುವ ಮೊದಲೇ ಮಕ್ಕಳಿಬ್ಬರ ಕಾಲು ನೋಡಿದರು. ಮುಖ ಆಮೇಲೆ ನೋಡಿದರು. ಸುಜಾತಾಳನ್ನು ಅಂಕಣದ ಮೂಲೆಯಲ್ಲಿ ನಿಲ್ಲಿಸಿ ಹಿಡಿತಕ್ಕೆ ತಯಾರಾಗು ಎಂದರು. ಅವಳು ನಿಂತಳು. ಮೇಡಂ ಬಗ್ಗಿ, ಅವಳ ಬಲಗಾಲನ್ನು ಕೈಯಿಂದಲೇ ಒಂದಿಷ್ಟು ಹಿಂದೆ ಸರಿಸಿದರು. ಈಗ ಹಿಡಿ ಎಂದರು.

ನಸ್ರೀನ್ ನುಗ್ಗಿದಳು. ಸುಜಾತಾ ಹಿಡಿದಳು. ನಸ್ರೀನ್ ಅಲ್ಲಾಡಲಿಲ್ಲ.

ಮೂರು ವರ್ಷದಿಂದ ಪ್ರಾಕ್ಟೀಸಿನಲ್ಲಿ ಒಮ್ಮೆಯೂ ಸಿಗದವಳು ಆವತ್ತು ಸಿಕ್ಕಿಬಿದ್ದಿದ್ದಳು. ಇಬ್ಬರೂ ಮಣ್ಣಿನಲ್ಲಿ ಬಿದ್ದುಕೊಂಡೇ ನಗುತ್ತಿದ್ದರು. ಮನೆಯಿಂದ ಹೊರಡುವಾಗ ಹಾಕಿಕೊಂಡ ಹೊಸ ಚೂಡಿದಾರ ಎರಡೂ ಕೆಂಪು.

ಇಲ್ಲಿ ಸೈನ್ಸ್ ಇರಲಿಲ್ಲ. ಆರ್ಟ್ಸ್, ಕಾಮರ್ಸ್ ಮಾತ್ರ. ನಾನು ಮನಸ್ಸಿನಲ್ಲೇ ಆ ಹೆಸರಿನ ಮೇಲೆ ಗೆರೆ ಎಳೆದು ಖಾಜಾ ಭಾಯ್ ಅವರ ಕಾರು ಹತ್ತಿದೆ.

ಮಸ್ಕಿಯ ಕಾಲೇಜಿಗೆ ಹೋದಾಗ ಬಿಸಿಲು ಏರಿತ್ತು. ಆದರೆ ಗೇಟು ದಾಟಿದೊಡನೆ ನೆರಳು. ಸಾಲು ಬೇವು, ಕೆಳಗೆ ಕಲ್ಲುಬೆಂಚು, ಹಿಂದೆ ಬೆಟ್ಟ. ಬೆಟ್ಟದ ಮಗ್ಗುಲಿನ ಶಿಲಾಶಾಸನ ನೋಡಲು ಬುದ್ಧ ಪೂರ್ಣಿಮೆಯ ಆಸುಪಾಸು ನಾವು ಮನೆಮಂದಿಯೆಲ್ಲ ಬರುವುದುಂಟು. ಆ ಬೆಟ್ಟಕ್ಕೆ ಇಷ್ಟು ಚೆಂದದ ಒಂದು ಮಗ್ಗುಲಿದೆ ಎಂದು ಗೊತ್ತೇ ಇರಲಿಲ್ಲ. ಖಾಜಾ ಭಾಯ್ ಬೆಂಚಿನ ಮೇಲೆ ಕುಳಿತವರು ಏಳಲೇ ಒಲ್ಲರು. ಇಲ್ಲಿ ನಾನೇ ಅಡ್ಮಿಶನ್ ಮಾಡಿಸುತ್ತೇನೆ ಎಂದರು. ನನಗೂ ಹಾಗೆಯೇ ಅನ್ನಿಸಿತ್ತು, ಆದರೆ ಬ್ಯಾಂಕಿನ ಕೌಂಟರಿನಲ್ಲಿ ನನ್ನ ಕುರ್ಚಿ ಖಾಲಿ ಬಿಡಲು ನಮ್ಮ ಮ್ಯಾನೇಜರ್ ಒಪ್ಪಬೇಕಲ್ಲ.

ಹುಡುಗಿಯರು ಮಾತ್ರ ಗಿಡ ನೋಡಲಿಲ್ಲ, ಬೆಟ್ಟ ನೋಡಲಿಲ್ಲ. ಸೀದಾ ಹೋಗಿ ಟಾಯ್ಲೆಟ್ ನೋಡಿ ಬಂದರು. ಸಿಂಧನೂರಿನಲ್ಲೂ ಹೀಗೇ ಮಾಡಿದ್ದರಂತೆ. ಬಾಗಿಲಿಗೆ ಚಿಲಕ ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ. ನಾನು ಬೆಪ್ಪಾದೆ. ಕಾಲೇಜುಗಳು ಹಾಕುವ ಫ್ಲೆಕ್ಸ್ ಬ್ಯಾನರುಗಳನ್ನು ನೀವೂ ನೋಡಿದ್ದೀರಿ. ರ‍್ಯಾಂಕ್ ಬಂದ ಮಕ್ಕಳ ಮುಖ ಇರುತ್ತದೆ, ಅಧ್ಯಕ್ಷರ ಮುಖ ಅದಕ್ಕಿಂತ ದೊಡ್ಡದಿರುತ್ತದೆ. ಚಿಲಕವಿರುವ ಬಾಗಿಲಿನ ಫೋಟೊ ಯಾರಾದರೂ ಹಾಕಿದ್ದಾರೆಯೇ? ಹೆಣ್ಣುಮಕ್ಕಳು ದಿನಕ್ಕೆ ಏಳೆಂಟು ಗಂಟೆ ಕಳೆಯುವ ಜಾಗಕ್ಕೆ ಇದಕ್ಕಿಂತ ದೊಡ್ಡ ಜಾಹೀರಾತು ಯಾವುದು?

ಮಸ್ಕಿಯಲ್ಲಿ ಚಿಲಕ ಇತ್ತು, ನೀರಿತ್ತು, ನೆರಳಿತ್ತು. ಹೊಸ ಕಾಲೇಜಾದ್ದರಿಂದ ಆಟದ ಮೈದಾನವನ್ನು ಇನ್ನೂ ಸಮ ಮಾಡುತ್ತಿದ್ದರು. ಲ್ಯಾಬಿಗೆ ಸಾಮಾನು ಬರುವುದಿತ್ತು. ಎರಡು ವರ್ಷ ಬಿಟ್ಟು ಬಂದಿದ್ದರೆ ಬೇರೆ ಮಾತು.

ಮಸ್ಕಿ ದಾಟಿದ ಮೇಲೆ ಗದ್ದೆಗಳು ಮುಗಿದು ಎರೆ ಹೊಲಗಳು ಶುರುವಾದವು. ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ. ನಾವು ಲಿಂಗಸುಗೂರು ಮುಟ್ಟಿದಾಗ ಮಧ್ಯಾಹ್ನ.

ಆ ಕಾಲೇಜಿನ ಶಿಸ್ತು ಗೇಟಿನಲ್ಲೇ ಕಾಣುತ್ತಿತ್ತು. ಲೈಬ್ರರಿ ತುಂಬ ಪುಸ್ತಕ, ಪುಸ್ತಕದ ಮೇಲೆ ಧೂಳಿಲ್ಲ. ನನಗೆ ಅಷ್ಟು ಸಾಕಿತ್ತು. ಜೀವಶಾಸ್ತ್ರದ ಲ್ಯಾಬಿನಲ್ಲಿ ಒಬ್ಬ ಉಪನ್ಯಾಸಕರು ಏನೋ ಜೋಡಿಸುತ್ತಿದ್ದರು. ಮಕ್ಕಳು ಬಂದದ್ದು ನೋಡಿ ಈರುಳ್ಳಿಯ ಒಂದು ಪದರ ಸುಲಿದು, ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿರಿ ಎಂದರು. ಸುಜಾತಾ ನೋಡಿ, ಚೆಂದ ಇದೆ ಎಂದು ಸರಿದಳು. ನಸ್ರೀನ್ ಕಣ್ಣಿಟ್ಟವಳು ತೆಗೆಯಲಿಲ್ಲ. ಉಪನ್ಯಾಸಕರು ಒಂದು ಹೇಳಿದರೆ ಇವಳು ಎರಡು ಕೇಳಿದಳು. ನಾವು ವರಾಂಡಕ್ಕೆ ಬಂದು ನೀರು ಕುಡಿದು, ಪ್ರಿನ್ಸಿಪಾಲರನ್ನು ನೋಡಿ ಬಂದರೂ ಅವಳು ಅಲ್ಲೇ ಇದ್ದಳು.

ನಸ್ರೀನಳ ಖಾಲಾ, ಅಂದರೆ ಅವಳ ತಾಯಿಯ ತಂಗಿ, ಲಿಂಗಸುಗೂರಿನಲ್ಲೇ ಇರುತ್ತಾರೆ. ಅವರ ಮನೆಯಿಂದ ಕಾಲೇಜಿಗೆ ನಡೆದೇ ಬರಬಹುದು. ಇಲ್ಲೂ ಹುಡುಗಿಯರ ಕಬಡ್ಡಿ ಟೀಮಿದೆ, ವಾರಕ್ಕೊಂದೆರಡು ದಿನ ಆಡಿಸುತ್ತಾರೆ ಎಂದು ವಿಚಾರಿಸಿಯಾಯಿತು. ನನ್ನ ತಲೆಯೊಳಗೆ ಲೆಕ್ಕ ಸಲೀಸಾಗಿ ಕೂಡಿತು. ಇಬ್ಬರೂ ಇಲ್ಲೇ, ಇಬ್ಬರೂ ಸೈನ್ಸ್, ಇಬ್ಬರೂ ಖಾಲಾ ಮನೆಯಲ್ಲಿ. ಮುಗಿಯಿತಲ್ಲ?

ಆಗಲೇ ನಸ್ರೀನ್ ಬಂದು ನನ್ನ ಸೆರಗು ಎಳೆದಳು. ವರಾಂಡದ ಕೊನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು.

“ಆಂಟಿ, ನಾ ಸಿಂಧನೂರಾಗ ಕಾಮರ್ಸ್ ತಗೋತೀನ್ರಿ. ಸುಜಿಗಿ ಆ ಗ್ರೌಂಡ್ ಭಾಳ ಮನಸಿಗಿ ಬಂದೈತಿ. ಆಕಿ ಒಬ್ಬಾಕೀನ ಆಗಬಾರದು. ಅಬ್ಬಾಗ ನೀವ ಹೇಳ್ರಿ.”

ನೋಡೋಣ ಎಂದು ಅವಳ ತಲೆ ಸವರಿದೆ. ಈಗಷ್ಟೇ ಈರುಳ್ಳಿಯ ಪದರದಿಂದ ಕಣ್ಣು ಕೀಳದಿದ್ದ ಹುಡುಗಿ ಇವಳೇ ಅಲ್ಲವೇ?

ವಾಪಸ್ ಬರುವಾಗ ದಾರಿಯ ಬದಿಯ ಒಂದು ಹೋಟೆಲಿನಲ್ಲಿ ನಿಲ್ಲಿಸಿದೆವು. ಒಗ್ಗರಣೆ ಮಂಡಾಳು, ಅಂದರೆ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ. ಮಕ್ಕಳು ತಿಂದು ಕೈ ತೊಳೆಯಲು ಹೋದರು. ಖಾಜಾ ಭಾಯ್ ಚಹಾದ ಲೋಟ ಕೆಳಗಿಟ್ಟರು. ನಿಮಗೊಂದು ಖುಷಿ ಸುದ್ದಿ ಎಂದರು. ಲಿಂಗಸುಗೂರಿನ ಕಾಲೇಜಿನಲ್ಲಿದ್ದಾಗಲೇ ಸುಜಾತಾ ಅವರ ಬಳಿ ಬಂದು, ಚಾಚಾ, ನಾನೂ ಇಲ್ಲೇ ಸೈನ್ಸ್ ತೆಗೆದುಕೊಳ್ಳುತ್ತೇನೆ, ನಸ್ರೀನ್ ಒಬ್ಬಳೇ ಬೇರೆ ಊರಿನಲ್ಲಿ ಹೇಗಿರುತ್ತಾಳೆ, ಮಮ್ಮಿಗೂ ಇದೇ ಬೇಕಾಗಿದೆ ಎಂದಳಂತೆ.

ನೋಡಿ, ಸುಳ್ಳು ಯಾಕೆ ಹೇಳಲಿ. ನನಗೆ ಖುಷಿಯೇ ಆಯಿತು. ನಾನು ಕೇಳದೆಯೇ, ಒತ್ತಾಯ ಮಾಡದೆಯೇ, ಮಗಳು ಸೈನ್ಸ್ ಎಂದಿದ್ದಾಳೆ. ನಸ್ರೀನ್ ಹೇಳಿದ್ದನ್ನು ನಾನು ಬಾಯಿಬಿಡದಿದ್ದರೆ ಆಯಿತು. ಅವಳಿಗೆ ಅವಳ ಲ್ಯಾಬು ಸಿಗುತ್ತದೆ. ನನಗೆ ನನ್ನ ಸೈನ್ಸ್ ಸಿಗುತ್ತದೆ. ಖಾಜಾ ಭಾಯ್ ಅವರಿಗೆ ಪರವೂರಿನಲ್ಲಿ ಮಗಳಿಗೊಂದು ಜೊತೆ ಸಿಗುತ್ತದೆ. ಯಾರಿಗೆ ನಷ್ಟ?

ಯಾರಿಗೆ ನಷ್ಟವೆಂದು ಆ ಕಡೆ ನೋಡಿದರೆ ಕಾಣುತ್ತಿತ್ತು. ಕೈ ತೊಳೆದು ಬಂದ ಸುಜಾತಾ ಹೋಟೆಲಿನ ಮುಂದಿನ ಬೇವಿನ ನೆರಳಲ್ಲಿ ನಿಂತಿದ್ದಳು. ಯಾರೂ ನೋಡುತ್ತಿಲ್ಲ ಎಂದುಕೊಂಡು ಮೊಣಕಾಲು ಬಾಗಿಸಿ, ಬಲಗಾಲನ್ನು ಒಂದಿಷ್ಟು ಹಿಂದೆ ಸರಿಸುತ್ತಿದ್ದಳು. ಎದ್ದು ನಿಲ್ಲುತ್ತಿದ್ದಳು. ಮತ್ತೆ ಬಾಗುತ್ತಿದ್ದಳು, ಮತ್ತೆ ಕಾಲು ಹಿಂದೆ. ಬೆಳಿಗ್ಗೆ ಆ ಮೇಡಂ ತೋರಿಸಿದ್ದ ಜಾಗಕ್ಕೇ ಸರಿಯಾಗಿ ಹೋಗುತ್ತಿದೆಯೇ ಎಂದು ಬಗ್ಗಿ ನೋಡಿಕೊಳ್ಳುತ್ತಿದ್ದಳು.

ಖಾಜಾ ಭಾಯ್ ಕೂಡ ನೋಡುತ್ತಿದ್ದರು.

“ಅಕ್ಕಾರ, ನನ್ನ ಮಗಳಿಗಿ ಜೊತಿ ಸಿಕ್ರ ನನಗ ಚಿಂತಿ ಕಡಿಮಿ ಆಕ್ಕೈತಿ, ಖರೇ,” ಎಂದರು. “ಆದ್ರ ಈ ಹುಡುಗಿ ನನಗ ಹೇಳುಮುಂದ ನೆಲ ನೋಡ್ಕೊಂತ ಹೇಳ್ಯಾಳ. ಮಾರಿ ಎತ್ತಲಿಲ್ಲ.”

ಅವರೂ ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ಆಮೇಲೆ ನಾನು ಹೇಗೆ ಸುಮ್ಮನಿರಲಿ? ನಸ್ರೀನ್ ವರಾಂಡದಲ್ಲಿ ಹೇಳಿದ್ದನ್ನು ಅವರಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಒಬ್ಬಳು ಇವಳಿಗಾಗಿ ಲ್ಯಾಬು ಬಿಡುವವಳು, ಇನ್ನೊಬ್ಬಳು ಅವಳಿಗಾಗಿ ಅಂಕಣ ಬಿಡುವವಳು. ಇಬ್ಬರ ಮಾತೂ ನಡೆದಿದ್ದರೆ ನಸ್ರೀನ್ ಸಿಂಧನೂರಿನಲ್ಲಿ, ಸುಜಾತಾ ಲಿಂಗಸುಗೂರಿನಲ್ಲಿ. ಬೇಕಾದ್ದೂ ಇಲ್ಲ, ಜೊತೆಯೂ ಇಲ್ಲ.

ಇಬ್ಬರನ್ನೂ ಬೇರೆ ಬೇರೆ ಕೇಳೋಣ ಎಂದರು ಖಾಜಾ ಭಾಯ್. ಒಬ್ಬಳು ಕೇಳುತ್ತಿದ್ದರೆ ಇನ್ನೊಬ್ಬಳು ಮತ್ತೆ ತ್ಯಾಗ ಮಾಡುತ್ತಾಳೆ. ಅವರು ನಸ್ರೀನಳನ್ನು ಕಾರಿನ ಕಡೆ ಕರೆದುಕೊಂಡು ಹೋದರು. ನಾನು ಬೇವಿನ ಕೆಳಗೆ ಹೋದೆ.

ಚಾಚಾ ಎಲ್ಲ ಹೇಳಿದರು ಎಂದೆ. ಮಗಳು ಕಾಲು ಜೋಡಿಸಿ ನೆಟ್ಟಗೆ ನಿಂತಳು. ನಾನು ಬೇರೇನೂ ಕೇಳಲಿಲ್ಲ. ನಸ್ರೀನ್ ಎಂಬುವಳು ಇಲ್ಲವೇ ಇಲ್ಲ ಎಂದುಕೊ, ನಾನೂ ಇಲ್ಲ, ನಿನ್ನಪ್ಪನೂ ಇಲ್ಲ, ಆಗ ಎಲ್ಲಿ ಹೋಗುತ್ತಿದ್ದೆ ಎಂದೆ.

ಒಂದು ಲಾರಿ ಹೋಯಿತು, ಧೂಳು ಎದ್ದು ಕೂತಿತು.

“ಮಮ್ಮಿ, ನನಗ ಸೈನ್ಸ್ ಓದಾಕ ಬರಂಗಿಲ್ಲ ಅಂತಲ್ಲ. ಓದ್ತೀನಿ, ಪಾಸೂ ಆಗ್ತೀನಿ,” ಎಂದಳು. “ಆದ್ರ ಇವತ್ತ ಆ ಮೇಡಂ ನನ್ನ ಕಾಲು ಸರಿಸಿದ್ರಲ್ಲ, ಆವಾಗ ನನಗ ಗೊತ್ತಾತು. ನಾ ಇಷ್ಟ ದಿನ ಆಡಿದ್ದು ಬರೇ ಜೋರ್ ಮ್ಯಾಲ. ಆಡೂದು ಅಂದ್ರ ಬ್ಯಾರೇ ಐತಿ. ಅದನ್ನ ಕಲೀಬೇಕು ನಾ. ಕಾಮರ್ಸೂ ಚೊಲೋ ಓದ್ತೀನಿ, ನೀ ಬೇಕಾರ ನೋಡು.”

ಹದಿನಾರರ ಹುಡುಗಿ ತನಗೆ ಏನು ಗೊತ್ತಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದರೆ ತಾಯಿಯಾದವಳು ಎದುರು ಏನು ಹೇಳಬೇಕು? ಓದು ಎನ್ನುವುದು ಇದಕ್ಕಿಂತ ಬೇರೆ ಇದೆಯೇ? ಸರಿ ಎಂದೆ. ಎಂದಮೇಲೆ ಎದೆ ಹಗುರಾಯಿತು ಎಂದು ಬರೆದರೆ ಅದು ಪೂರ್ತಿ ನಿಜವಲ್ಲ. ಅರ್ಧ ಹಗುರಾಯಿತು. ಉಳಿದರ್ಧ ಇಳಿಯಲು ಒಂದು ವಾರ ಹಿಡಿಯಿತು.

ಆ ಕಡೆ ಕಾರಿನ ಬಳಿ ನಸ್ರೀನ್ ಅಳುತ್ತಿದ್ದಳು. ಅಪ್ಪ ಬೈದರೆಂದಲ್ಲ. ಲಿಂಗಸುಗೂರು ಬೇಕೇ ಬೇಕು ಎಂದು ಬಾಯಿಬಿಟ್ಟು ಹೇಳಿದ್ದಕ್ಕೆ ಅವಳಿಗೇ ಅಳು ಬಂದಿತ್ತು. ಸುಜಾತಾ ಓಡಿ ಹೋದಳು. ನಾನು ಅಪ್ಪಿಕೊಳ್ಳುತ್ತಾರೆ, ಇಬ್ಬರೂ ಸೇರಿ ಅಳುತ್ತಾರೆ ಎಂದುಕೊಂಡೆ. ಅವಳು ಹೋದವಳೇ ನಸ್ರೀನಳ ಬೆನ್ನಿಗೊಂದು ಗುದ್ದಿದಳು.

“ಲೇ, ಕಾಮರ್ಸ್ ತಗೊಂಡು ನೀ ಏನ್ ಮಾಡಾಕಿದ್ದಿ? ಮಗ್ಗಿ ಬರ್ತದೇನ್ ನಿನಗ?”

ನಸ್ರೀನ್ ಮೂಗು ಒರೆಸಿಕೊಂಡು, ಸೈನ್ಸ್ ತಗೊಂಡು ನೀನೇನು ಕಪ್ಪೆ ಕೊಯ್ಯುತ್ತಿದ್ದೆಯಾ, ಜಿರಲೆ ಕಂಡರೆ ಮಂಚ ಹತ್ತುತ್ತಿ ಎಂದಳು. ಮಸ್ಕಿ ಬರುವವರೆಗೆ ಜಗಳವೇ ಜಗಳ. ಮಸ್ಕಿ ದಾಟಿದ ಮೇಲೆ ಹಿಂತಿರುಗಿ ನೋಡಿದೆ. ಒಬ್ಬಳ ಭುಜಕ್ಕೆ ಇನ್ನೊಬ್ಬಳು ತಲೆ ಇಟ್ಟು ಹೊರಗೆ ನೋಡುತ್ತಿದ್ದರು. ಯಾವಾಗಲೂ ಎಪ್ಪತ್ತು, ಎಂಬತ್ತರಲ್ಲಿ ಓಡಿಸುವ ಖಾಜಾ ಭಾಯ್ ಆವತ್ತು ಬಹಳ ನಿಧಾನ ಓಡಿಸಿದರು.

ರಾತ್ರಿ ಊಟ ಮಾಡುತ್ತ ನಮ್ಮ ಮನೆಯವರಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಸೈನ್ಸ್ ಬೇಡವೆಂದಳೇ ಎಂದರು. ಹೌದು ಎಂದೆ. ಹಾಗಾದರೆ ಮುಂದಿನ ವಾರ ಬರುವಾಗ ಶೂ ತರುತ್ತೇನೆ, ಅವಳ ಕಾಲಿನ ಸೈಜು ಕೇಳಿ ಹೇಳು ಎಂದರು.

ಜೂನಿನಲ್ಲಿ ಕಾಲೇಜು ಶುರುವಾಯಿತು. ನಸ್ರೀನ್ ಹೋದ ಮೊದಲ ವಾರ ನನ್ನ ಅಡುಗೆಮನೆ ಬಿಕೋ ಎನ್ನುತ್ತಿತ್ತು. ಸಂಜೆ ನಾನು ಲೆಕ್ಕ ತಪ್ಪಿ ಒಂದು ಕಪ್ ಚಹಾ ಹೆಚ್ಚಿಗೆ ಮಾಡುತ್ತಿದ್ದೆ. ಸುಜಾತಾ ಬೆಳಕು ಹರಿಯುವ ಮೊದಲೇ ಎದ್ದು ಮೈದಾನಕ್ಕೆ ಹೋಗುತ್ತಾಳೆ, ಬಂದು ಬಕೆಟ್ಟುಗಟ್ಟಲೆ ನೀರು ಸುರಿದುಕೊಂಡು ಕ್ಲಾಸಿಗೆ ಓಡುತ್ತಾಳೆ. ಮೊದಲ ಟೆಸ್ಟಿನಲ್ಲಿ ಅಕೌಂಟೆನ್ಸಿಯಲ್ಲಿ ಒಳ್ಳೆಯ ಮಾರ್ಕ್ಸೇ ಬಂದವು. ಸೋಫಾದ ಮೂಲೆ ಈಗ ಹೆಚ್ಚಾಗಿ ಖಾಲಿ ಇರುತ್ತದೆ. ನಸ್ರೀನ್ ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ಬಂದವಳು ನಮ್ಮ ಮನೆಯ ತೊಟ್ಟಿಯ ನೀರು, ಕರಿಬೇವಿನ ಎಲೆ, ಕೊನೆಗೆ ಖಾಜಾ ಭಾಯ್ ಅವರ ಗಡ್ಡದ ಒಂದು ಕೂದಲನ್ನೂ ಲ್ಯಾಬಿಗೆಂದು ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಾಳೆ.

ಇಷ್ಟರಲ್ಲಿ ಹೋದ ವಾರ ಬಂತು. ಜಿಲ್ಲಾ ಮಟ್ಟದ ಪದವಿಪೂರ್ವ ಕಾಲೇಜುಗಳ ಕಬಡ್ಡಿ. ತಾಲ್ಲೂಕು ಗೆದ್ದು ಬಂದ ಟೀಮುಗಳು ರಾಯಚೂರಿನಲ್ಲಿ ಸೇರಿದ್ದವು. ಸೆಮಿಫೈನಲ್ ಯಾವ ಯಾವ ತಾಲ್ಲೂಕಿನ ನಡುವೆ ಎಂದು ನೀವು ಊಹಿಸಿರುತ್ತೀರಿ.

ನಾನು, ನಮ್ಮ ಮನೆಯವರು, ಖಾಜಾ ಭಾಯ್ ಒಂದೇ ಮೆಟ್ಟಿಲ ಮೇಲೆ ಕುಳಿತೆವು. ಸಿಂಧನೂರಿನವರು ಒಂದು ಕಡೆ, ಲಿಂಗಸುಗೂರಿನವರು ಇನ್ನೊಂದು ಕಡೆ ಗುಂಪು ಕಟ್ಟಿ ಕೂಗುತ್ತಿದ್ದರು. ನಾವು ನಟ್ಟನಡುವೆ, ಯಾರ ಕಡೆ ಕೂಗಬೇಕೋ ತಿಳಿಯದೆ. ನಸ್ರೀನ್ ಮೊದಲ ರೈಡಿಗೆ ಬಂದಳು. ಸುಜಾತಾ ಮೂಲೆಯಲ್ಲಿ ಬಾಗಿ ನಿಂತಿದ್ದಳು. ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟಿದ್ದರು. ಗುರುತಿನ ನಗು ಕೂಡ ಇಲ್ಲ. ನಸ್ರೀನ್ ಬಲಕ್ಕೆ ಹೋದಂತೆ ಮಾಡಿ ಎಡಕ್ಕೆ ತಿರುಗಿ, ನನ್ನ ಮಗಳ ಹೆಗಲು ಮುಟ್ಟಿ ಹಾರಿ ಹೋದಳು. ಸುಜಾತಾ ಔಟ್. ಖಾಜಾ ಭಾಯ್ ಚಪ್ಪಾಳೆಗೆಂದು ಕೈ ಎತ್ತಿದವರು, ನನ್ನ ಮುಖ ನೋಡಿ ಟೋಪಿ ಸರಿಮಾಡಿಕೊಂಡರು. ಹೊಡೀರಿ ಭಾಯ್ ಎಂದೆ. ಹೊಡೆದರು.

ಸ್ವಲ್ಪ ಹೊತ್ತಿಗೆ ಸುಜಾತಾ ಮತ್ತೆ ಒಳಗೆ ಬಂದಳು. ನಸ್ರೀನ್ ಮತ್ತೆ ನುಗ್ಗಿದಳು, ಅದೇ ಆಟ, ಬಲ ತೋರಿಸಿ ಎಡ. ಈ ಸಲ ಕಾರ್ನರ್ ಕಾಯುತ್ತಿದ್ದಳು. ಕಣಕಾಲಿಗೆ ಬಿದ್ದ ಆ ಹಿಡಿತಕ್ಕೆ ಮೈದಾನವೇ ಓ ಎಂದಿತು. ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ಹೊಡೆದವರು ಸಿಕ್ಕಿಬಿದ್ದವಳ ಅಪ್ಪ. ಪಕ್ಕದಲ್ಲಿದ್ದ ಲಿಂಗಸುಗೂರಿನವರೊಬ್ಬರು, ನೀವು ಯಾವ ಕಡೆಯವರು ಸಾಹೇಬರೇ ಎಂದು ಕೇಳಿಯೂಬಿಟ್ಟರು.

ಸಿಂಧನೂರು ಗೆದ್ದಿತು. ಕಡೆಯ ನಿಮಿಷದವರೆಗೂ ಯಾರು ಬೇಕಾದರೂ ಗೆಲ್ಲಬಹುದಿತ್ತು. ಸೀಟಿ ಊದಿದ ಮೇಲೆ ಸುಜಾತಾ ತನ್ನ ಮೇಡಂ ಕಾಲು ಮುಟ್ಟಿದಳು. ನಸ್ರೀನ್ ತನ್ನ ಟೀಮಿನವರನ್ನು ಸಮಾಧಾನ ಮಾಡಿದಳು. ಆಮೇಲೆ ಇಬ್ಬರೂ ನಮ್ಮ ಕಡೆ ಬರುತ್ತಾರೆಂದು ನಾವು ಮೂವರೂ ಎದ್ದು, ನೀರಿನ ಬಾಟಲಿ, ಬಾಳೆಹಣ್ಣು ಹಿಡಿದು ನಿಂತೆವು. ಅವರು ಬರಲಿಲ್ಲ. ಮೈದಾನದ ಆ ತುದಿಯಲ್ಲಿ, ಒಂದೇ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಕುಳಿತಿದ್ದರು. ಕೈ ತಿರುಗಿಸಿ, ಕಾಲು ತೋರಿಸಿ ಆಟದ ಚರ್ಚೆ. ಒಬ್ಬಳು ಮಾತಾಡಿದರೆ ಇನ್ನೊಬ್ಬಳು ಬಿದ್ದು ಬಿದ್ದು ನಗುತ್ತಿದ್ದಳು. ನಾವೆಂಬ ಮೂರು ಜನ ಈ ಭೂಮಿಯ ಮೇಲೆ ಇದ್ದೇವೆಂಬ ನೆನಪೂ ಅವರಿಗಿದ್ದಂತೆ ಕಾಣಲಿಲ್ಲ.

ಖಾಜಾ ಭಾಯ್ ಒಂದು ಬಾಳೆಹಣ್ಣನ್ನು ತಾವೇ ಸುಲಿದರು.

“ಅಕ್ಕಾರ, ಮುಂದ ಡಿಗ್ರಿಗಿ ಕಾಲೇಜು ನೋಡಾಕ ಹೋಗುಮುಂದ, ಇವು ನಮ್ಮನ್ನ ಕರಕೊಂಡು ಹೊಕ್ಕಾವೇನ್ರಿ?”